ಹೊಂಡದ ಒಳಹಾಸು

ಹುಮನಾಬಾದ್,
2 ಡಿಸೆಂಬರ್ 1947

ಉಸ್ತಾದ್ ಖಮರುದ್ದೀನ್ ಅವರಿಗೆ ಅಂಬಾದಾಸನ ಸಲಾಮು.

ಕಲ್ಯಾಣದ ಕೋಟೆಯೊಳಗಿನ ಹಳೆಯ ನೀರಿನ ತೊಟ್ಟಿಯನ್ನು ನೀವು ದುರಸ್ತಿ ಮಾಡಿದ ವರ್ಷ ನಾನು ಹೊಸ ಓವರ್‌ಸಿಯರ್. ನನ್ನ ಕೈಗೆ ಗಚ್ಚಿನ ಉಂಡೆ ಕೊಟ್ಟು "ಮೂಸಿ ನೋಡ್ರಿ ಸಾಹೇಬ, ಸುಣ್ಣಕ್ಕ ಬೆಲ್ಲ ಸಾಕಾಗ್ಯಾದೋ ಇಲ್ಲೋ ಹೇಳ್ರಿ" ಎಂದಿದ್ದಿರಿ. ನಾನು ಬಾಯಿ ತೆರೆದುಕೊಂಡು ನಿಂತೆ, ನಿಮ್ಮ ಗುಂಪೆಲ್ಲ ನಕ್ಕಿತು. ಆ ನಗೆಗೆ ಉತ್ತರ ಕೊಡುವ ದಿನ ಬಂದಿದೆ ಎಂದುಕೊಂಡು ಈ ಪತ್ರ ಬರೆಯುತ್ತಿದ್ದೇನೆ.

ಇಲ್ಲಿನ ಪೇಟೆಯ ಪಂಚರು ಊರಿಗೊಂದು ಹೊಂಡ ಕಟ್ಟಿಸಲು ನಿಶ್ಚಯಿಸಿ ಕೆಲಸವನ್ನು ನನಗೆ ಒಪ್ಪಿಸಿದ್ದಾರೆ. ನೇಕಾರರ ಓಣಿಯ ಮೇಲ್ಗಡೆ ಒಂದು ಇಳಿಜಾರಿನ ತೊಗರಿ ಹೊಲ ಸಿಕ್ಕಿದೆ. ಮೇಲಿನ ಅರ್ಧವನ್ನು ಅಗೆದು, ಆ ಮಣ್ಣಿನಿಂದಲೇ ಕೆಳಗಿನ ಮೂರು ಕಡೆ ಒಡ್ಡು ಹಾಕುವುದು; ಕೆಳಗಿನ ಅರ್ಧದ ನೆಲ ಇದ್ದಂತೆಯೇ ಇರುತ್ತದೆ. ತೊಡಕಿರುವುದು ಒಳಹಾಸಿನಲ್ಲಿ. ಅದು ಎರೆ ಭೂಮಿ. ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರಿಯುತ್ತದೆ, ಮಳೆಗಾಲದಲ್ಲಿ ಉಬ್ಬುತ್ತದೆ. ತಳಕ್ಕೆ ಏನಾದರೂ ಹಾಸದಿದ್ದರೆ ನೀರು ನಿಲ್ಲದು. ಜೇಡಿಮಣ್ಣು ಹಾಕಿ ಎಮ್ಮೆಗಳಿಂದ ತುಳಿಸುವುದು ಒಂದು ದಾರಿ. ನಿಮ್ಮ ಗಚ್ಚು ಇನ್ನೊಂದು. ಮೂರನೆಯದನ್ನು ಕೇಳಿದರೆ ನೀವು ಬೈಯುತ್ತೀರಿ.

ಯುದ್ಧ ಮುಗಿದ ಮೇಲೆ ದಂಡಿನವರು ಬಿಟ್ಟುಹೋದ ಸಾಮಾನು ಸೊಲ್ಲಾಪುರದಲ್ಲಿ ಹರಾಜಾಗುತ್ತಿದೆ. ಅದರಲ್ಲಿ ಡಾಂಬರು ಕುಡಿಸಿದ ಗೋಣಿತಟ್ಟಿನ ದೊಡ್ಡ ಸುರುಳಿಗಳಿವೆ. ಬರ್ಮಾದ ಕೆಸರಿನ ಮೇಲೆ ಅದನ್ನು ಹಾಸಿ ವಿಮಾನ ಇಳಿಸುತ್ತಿದ್ದರಂತೆ. ವಿಮಾನ ತಡೆದದ್ದು ನೀರು ತಡೆಯದೇ? ಒಂದು ತುಂಡು ತಂದು ಬುಟ್ಟಿಯೊಳಗೆ ಹಾಸಿ, ನೀರು ತುಂಬಿ, ಬೂದಿಯ ಮೇಲೆ ಹದಿನೈದು ದಿನ ಇಟ್ಟೆ. ಬೂದಿ ಒಂದು ಕಡೆಯೂ ತೇವವಾಗಲಿಲ್ಲ. ನೀರನ್ನು ಕುಡಿದೂ ನೋಡಿದೆ. ಮೊದಲು ವಾಸನೆಯಿತ್ತು, ಮೂರು ಸಲ ತೊಳೆದ ಮೇಲೆ ಹೋಯಿತು.

ಹಾಸಿ ಬೆಸೆಯಲು ನಿಮ್ಮಂಥ ಕೈ ಈ ಸೀಮೆಯಲ್ಲಿ ಇನ್ನೊಂದಿಲ್ಲ. ಬೈದ ಮೇಲಾದರೂ ಬನ್ನಿ.

ನಿಮ್ಮ
ಅಂಬಾದಾಸ


ಕಲ್ಯಾಣ,
13 ಡಿಸೆಂಬರ್ 1947

ಅಂಬಾದಾಸನಿಗೆ ಖಮರುದ್ದೀನನ ದುವಾ.

ಅಕ್ಷರ ಮಗಳು ಮಲಿಕಾಳದು, ಮಾತು ನನ್ನದು. ಪಕ್ಕದ ಮನೆಯ ಮಾಸ್ತರರ ಹತ್ತಿರ ಅವಳು ಕನ್ನಡ ಕಲಿತದ್ದರಿಂದ ನಿನಗೆ ನನ್ನ ಬೈಗಳು ಶುದ್ಧವಾಗಿ ಬಂದು ಮುಟ್ಟುತ್ತವೆ.

ಹಾಸು ಆರಿಸುವ ಮೊದಲು ಮೂರು ಮಾತು ಕೇಳಿಕೊಳ್ಳಬೇಕು. ಅದರ ಕೆಳಗೆ ಏನಿದೆ? ಅದರ ಮೇಲೆ ಯಾರು ತಿರುಗುತ್ತಾರೆ? ಹರಿದ ದಿನ ಅದನ್ನು ಸರಿಮಾಡುವವರು ಯಾರು? ಗಚ್ಚು ಬಿರಿದರೆ ನನ್ನ ಮೊಮ್ಮಗನೂ ಮೆತ್ತಬಲ್ಲ. ನಿನ್ನ ತಟ್ಟು ಹರಿದರೆ ಬರ್ಮಾದಿಂದ ಯಾರನ್ನು ಕರೆಸುತ್ತೀ? ಮತ್ತೆ ನಿನ್ನ ಬುಟ್ಟಿಯ ಪರೀಕ್ಷೆ. ಬುಟ್ಟಿಯ ತಳ ನುಣುಪಾಗಿತ್ತು. ಹೊಲ ಹಾಗಿರುವುದಿಲ್ಲ.

ಆದರೂ ಒಂದು ಮಾತು ಒಪ್ಪುತ್ತೇನೆ. ಎರೆ ಭೂಮಿ ಉಸಿರಾಡುವ ಭೂಮಿ, ಅದರ ಮೇಲೆ ಗಚ್ಚು ಸೀಳುತ್ತದೆ. ಕೆಳಗೆ ಕಲ್ಲು ಕಟ್ಟಬೇಕು. ಅಷ್ಟು ಕಲ್ಲು, ಅಷ್ಟು ದಿನ ನಿಮ್ಮ ಪಂಚರು ಕೊಡುವವರಲ್ಲ. ತಟ್ಟೇ ಆಗಬೇಕೆಂದರೆ ಹೀಗೆ ಮಾಡು. ನೆಲದಲ್ಲಿ ಬೇರು, ಕಲ್ಲು ಒಂದೂ ಉಳಿಯಕೂಡದು. ಅದರ ಮೇಲೆ ಜರಡಿ ಹಿಡಿದ ಮೊರಂ, ಅದೇ ಗರಸು ಮಣ್ಣು, ಒಂದು ಗೇಣು. ಆಮೇಲೆ ತಟ್ಟು. ಒಂದರ ಅಂಚಿನ ಮೇಲೆ ಇನ್ನೊಂದು ಗೇಣಗಲ ಬಂದು ಕೂತಿರಬೇಕು, ನಡುವೆ ಕಾದ ಡಾಂಬರು. ಎಲ್ಲದರ ಮೇಲೆ ಮೆತ್ತನೆಯ ಮಣ್ಣು, ಬಿಸಿಲು ಮತ್ತು ದನದ ಗೊರಸು ತಾಗದ ಹಾಗೆ.

ಇದರಲ್ಲಿ ಒಂದು ಕಡಿಮೆಯಾದರೂ ನನ್ನನ್ನು ಕರೆಯಬೇಡ.

ಖಮರುದ್ದೀನ್


ಹುಮನಾಬಾದ್,
8 ಫೆಬ್ರುವರಿ 1948

ಉಸ್ತಾದರಿಗೆ ಸಲಾಮು.

ಸುರುಳಿಗಳು ಬಂದವು. ಗಡಿ ದಾಟಿಸಿ ತರುವಷ್ಟರಲ್ಲಿ ಜೀವ ಬಾಯಿಗೆ ಬಂದಿತ್ತು. ಆ ಕಡೆಯವರು ನಮ್ಮನ್ನು ನಿಜಾಮನ ಜನ ಎನ್ನುತ್ತಾರೆ, ಈ ಕಡೆ ರಜಾಕಾರರು ಗಾಡಿ ನಿಲ್ಲಿಸಿ ತಡಕಾಡುತ್ತಾರೆ. ದಾರಿ ಕೆಟ್ಟಿರುವುದರಿಂದ ಚಿಟಗುಪ್ಪದ ಕಡೆಯ ಮೊರಂ ಗಾಡಿಗಳೂ ಅರ್ಧಕ್ಕರ್ಧ ನಿಂತಿವೆ. ಮಳೆಗೆ ಮೊದಲು ಹೊಂಡ ಮುಗಿಯಬೇಕೆಂದು ಪಂಚರ ಹಟ. ಹಾಗಾಗಿ ಲೆಕ್ಕ ಹಾಕಿ ನೋಡಿ, ಮೊರಂ ಒಂದು ಗೇಣಿನ ಬದಲು ನಾಲ್ಕು ಬೆರಳು ಸಾಕೆಂದು ಕೆಲಸದ ತಪಶೀಲಿನಲ್ಲಿ ಬರೆದು ಸಹಿ ಹಾಕಿದ್ದೇನೆ. ಬೆಸುಗೆಯ ಗೇಣು ಮಾತ್ರ ನಿಮ್ಮ ಮಾತಿನಂತೆಯೇ ಇದೆ.

ಕೆಳಗಿನ ಅರ್ಧದ ತೊಗರಿ ಕೂಳೆಗಳನ್ನು ಕೀಳಿಸಲು ಹೋಗಲಿಲ್ಲ, ಕುಡುಗೋಲಿನಿಂದ ಆದಷ್ಟು ಗಿಡ್ಡಕ್ಕೆ ಕೊಯ್ಯಿಸಿದೆ, ಮೂರು ಬೆರಳು ಉಳಿದಿರಬಹುದು. ರಾಶಿಯಾದ ಮೇಲೆ ಓಣಿಯ ಹೆಂಗಸರು ಬಂದು ಒಲೆಗೆಂದು ಕೂಳೆ ಕಿತ್ತು ಒಯ್ಯುವುದು ಇಲ್ಲಿನ ರೂಢಿ. ಈ ವರ್ಷವೂ ಬಂದರು. ನನ್ನ ಅಳತೆಯ ಗೂಟಗಳನ್ನೂ ಕಿತ್ತುಕೊಂಡು ಹೋದಾರೆಂದು ಮುಳ್ಳುಬೇಲಿ ಹಾಕಿಸಿದೆ. ನೇಕಾರ ಬಕ್ಕಪ್ಪನ ಹೆಂಡತಿ ಸಖುಬಾಯಿ ಎಂಬಾಕೆ ಸೊಂಟಕ್ಕೆ ಕೈಕೊಟ್ಟು ಜಗಳಕ್ಕೇ ನಿಂತಳು. "ಕೂಳಿ ಅಲ್ಲೇ ಬಿಟ್ಟು ನೀವೇನ್ ಉಪ್ಪಿನಕಾಯಿ ಹಾಕ್ತೀರೇನ್ರಿ?" ಅಂದಳು. ಆಳುಗಳ ಮುಂದೆ ನನ್ನ ಮುಖ ನೋಡಬೇಕಿತ್ತು.

ಸಿಟ್ಟು ಮಾಡಿಕೊಳ್ಳಬೇಡಿ. ಕೆಲಸ ತಡೆದಿದೆ. ನಿಮ್ಮ ತಮ್ಮ ಪೀರ್ ಪಾಷಾನನ್ನೂ ಕರೆದುಕೊಂಡು ಬನ್ನಿ.

ನಿಮ್ಮ
ಅಂಬಾದಾಸ


ಹುಮನಾಬಾದ್,
11 ಜುಲೈ 1948

ಉಸ್ತಾದರಿಗೆ ಸಲಾಮು.

ನೀವು ಕೆಲಸ ಮುಗಿಸಿ ಹೋದ ಮೇಲೆ ಬರೆಯಲಾಗಲಿಲ್ಲ. ಹೊಂಡ ತುಂಬಿದೆ! ಮೃಗಶಿರ ಮಳೆಗೇ ಮುಕ್ಕಾಲು ಬಂತು. ಹೆಂಗಸರು ಕೊಡ ಮುಳುಗಿಸುವ ಸದ್ದು ನನ್ನ ಖೋಲಿಯ ತನಕ ಕೇಳುತ್ತದೆ. ಪಂಚರು ನನಗೆ ರುಮಾಲು ಸುತ್ತಿದರು. ನಿಮ್ಮ ಹೆಸರನ್ನೂ ಹೇಳಿದೆ.

ಇನ್ನೊಂದು ಸಣ್ಣ ಮಾತು. ಬಕ್ಕಪ್ಪ ಬಂದಿದ್ದ. ಅವನ ಮನೆ ಒಡ್ಡಿನ ಕೆಳಗೇ ಇದೆ. ಹಿತ್ತಲ ಗೋಡೆಗೆ ಹತ್ತಿಕೊಂಡೇ ಅವನ ಮಗ್ಗದ ಕುಣಿ. ಕಾಲು ಇಳಿಬಿಟ್ಟು ಕೂತರೆ ಕುಣಿಯಲ್ಲಿ ತಂಪು ಹತ್ತುತ್ತದಂತೆ, ಹೋದ ಮಳೆಗಾಲದಲ್ಲಿ ಹೀಗಿರಲಿಲ್ಲವಂತೆ. "ನೂಲು ಬೂಷ್ಟು ಹಿಡಿಯಾಕತ್ತ್ಯಾದರೀ" ಎಂದ. ಮಳೆಗಾಲದಲ್ಲಿ ತಂಪು ಹತ್ತದೆ ಬಿಸಿ ಹತ್ತುತ್ತದೆಯೇ ಎಂದು ನಗಿಸಿ ಕಳಿಸಿದೆ. ಆದರೂ ನಿಮಗೆ ಏನನಿಸುತ್ತದೆ? ಒಂದು ಸಾಲು ಬರೆಯಿರಿ.

ನಿಮ್ಮ
ಅಂಬಾದಾಸ


ಹುಮನಾಬಾದ್,
2 ಸೆಪ್ಟೆಂಬರ್ 1948

ಉಸ್ತಾದರಿಗೆ,

ಜುಲೈಯ ಪತ್ರಕ್ಕೆ ನಿಮ್ಮ ಉತ್ತರ ಬರಲಿಲ್ಲ. ಈಗ ಬಂದರೂ ಉಪಯೋಗವಿಲ್ಲ.

ಹೋದ ಶನಿವಾರ ಮಧ್ಯಾಹ್ನ ಬಕ್ಕಪ್ಪನ ಹಿತ್ತಲ ಗೋಡೆ ಬಿತ್ತು. ಅವನು ಮಗ್ಗದಲ್ಲಿದ್ದ. ಕುಣಿಯಿಂದ ಕಾಲು ತೆಗೆಯಲು ಹೊತ್ತಾಗಲಿಲ್ಲ. ಮಣ್ಣು ಸರಿಸಿ ಹೊರಗೆ ತೆಗೆಯುವಷ್ಟರಲ್ಲಿ ಹೋಗಿದ್ದ.

ಹೊಂಡ ಎರಡು ದಿನದಲ್ಲಿ ತಾನೇ ಇಳಿಯಿತು. ಪಂಚರು ಬರಹದಲ್ಲಿ ಕಾರಣ ಕೇಳಿದರು. ಕೊಟ್ಟಿದ್ದೇನೆ.

ನೀವು ಸದ್ಯ ಹುಮನಾಬಾದಿಗೆ ಬರಬೇಡಿ. ಕಾಲ ಸರಿಯಿಲ್ಲ.

ಅಂಬಾದಾಸ


ಕಲ್ಯಾಣ,
20 ಮಾರ್ಚ್ 1949

ಓವರ್‌ಸಿಯರ್ ಸಾಹೇಬರಿಗೆ,

ನಿಮ್ಮ ಪತ್ರ ಬಂದ ಹತ್ತು ಹನ್ನೆರಡು ದಿನಕ್ಕೆ ಈ ಕಡೆ ಹಿಂದುಸ್ತಾನದ ದಂಡು ಬಂತು, ನಿಜಾಮರ ಆಳಿಕೆ ಮುಗಿಯಿತು. ಆ ವಾರದಲ್ಲಿ ಮಂಠಾಳಕ್ಕೆ ಹೋಗಿದ್ದ ನನ್ನ ತಮ್ಮ ಪೀರ್ ಪಾಷಾ ಮನೆಗೆ ಬರಲಿಲ್ಲ. ಈಗಲೂ ಬಂದಿಲ್ಲ. ಅವನ ಹೆಂಡತಿ ಅಸ್ಗರಿ ನಮ್ಮ ಜೊತೆ ಇದ್ದಾಳೆ. ಅದರ ಬಗ್ಗೆ ಇದಕ್ಕಿಂತ ಹೆಚ್ಚು ಬರೆಸಲಾರೆ.

ನಾನು ಬರೆಸುತ್ತಿರುವುದು ಇನ್ನೊಂದಕ್ಕೆ. ನೀವು ಪಂಚರಿಗೆ ಕೊಟ್ಟ ಬರಹವನ್ನು ಒಬ್ಬ ವ್ಯಾಪಾರಿ ಇಲ್ಲಿಯ ಸಂತೆಯಲ್ಲಿ ನಾಲ್ಕು ಜನರ ಮುಂದೆ ಹೇಳಿದ. "ಮೇಸ್ತ್ರಿ ಖಮರುದ್ದೀನನ ಬೆಸುಗೆ ಬಿಚ್ಚಿದ್ದರಿಂದ" ಎಂದು ಇದೆಯಂತೆ. ಅಲ್ಲಿಂದ ಆ ಮಾತು ಬೆಳೆಯಿತು. ಬೇಕೆಂದೇ ಬಿಚ್ಚಿಟ್ಟಿದ್ದ, ಓಣಿಯವರನ್ನು ಮುಳುಗಿಸಲು ಬಿಚ್ಚಿಟ್ಟಿದ್ದ ಎನ್ನುವ ತನಕ ಬೆಳೆಯಿತು. ಈ ದಿನಗಳಲ್ಲಿ ನನ್ನಂಥ ಹೆಸರಿನವನ ಮೇಲೆ ಇಂಥ ಮಾತು ಬಿದ್ದರೆ ಏನಾಗುತ್ತದೆ ಎಂದು ನಿಮಗೆ ಗೊತ್ತು. ಹದಿನೆಂಟು ದಿನ ನಾನು ಕೋಟೆಯ ಹಿಂದೆ ಒಬ್ಬ ಕುರುಬನ ದೊಡ್ಡಿಯಲ್ಲಿದ್ದೆ. ಆ ಮನುಷ್ಯ ನನ್ನ ಮೇಲೆ ಕಂಬಳಿ ಹೊದಿಸಿ, ಕೇಳಿದವರಿಗೆ "ನಮ್ಮ ಮಾವರೀ, ಜ್ವರ ಬಂದಾವ" ಎಂದು ಹೇಳಿದ.

ಜೀವ ಉಳಿಯಿತು. ಹೆಸರು ಉಳಿಯಲಿಲ್ಲ. ಮೂರು ತಲೆಮಾರಿನಿಂದ ಕಲ್ಯಾಣದಲ್ಲಿ ನೀರು ನಿಲ್ಲಿಸುವ ಕೆಲಸ ನಮ್ಮ ಮನೆಯದು. ಈಗ ಮಾಳಿಗೆಗೆ ಮಣ್ಣು ಮೆತ್ತಲೂ ನನ್ನನ್ನು ಯಾರೂ ಕರೆಯುತ್ತಿಲ್ಲ.

ಒಂದೇ ಮಾತು ಕೇಳುತ್ತೇನೆ. ಹಾಗೆ ನೀವು ಬರೆದದ್ದು ಹೌದೋ ಅಲ್ಲವೋ?

ಖಮರುದ್ದೀನ್


ಹುಮನಾಬಾದ್,
6 ಏಪ್ರಿಲ್ 1949

ಉಸ್ತಾದರಿಗೆ,

ಬರೆದದ್ದು ಹೌದು.

ಈ ಎರಡು ಪದ ಬರೆಯಲು ಹದಿನೈದು ದಿನ ಹಿಡಿಯಿತು. ಇನ್ನು ಉಳಿದದ್ದನ್ನೂ ಬರೆದುಬಿಡುತ್ತೇನೆ.

ಗೋಡೆ ಬಿದ್ದ ಮೂರನೆಯ ದಿನ ನಾನೊಬ್ಬನೇ ಹೊಂಡದೊಳಗೆ ಇಳಿದೆ. ಮೇಲಿನ ಮಣ್ಣು ಕೆರೆದು ನೋಡಿದೆ. ನಿಮ್ಮ ಬೆಸುಗೆ ಒಂದೂ ಬಿಚ್ಚಿರಲಿಲ್ಲ. ಬೆರಳು ತೂರಿಸಿ ಎಬ್ಬಿಸಲು ನೋಡಿದೆ, ಉಗುರು ಮುರಿಯಿತು. ತಟ್ಟು ತೂತಾದದ್ದು ಕೆಳಗಿನ ಅರ್ಧದಲ್ಲಿ, ತೊಗರಿ ಸಾಲಿನ ಗುಂಟ. ಕುಡುಗೋಲಿನಿಂದ ಓರೆಯಾಗಿ ಕೊಯ್ದ ಕೂಳೆ ಗೊತ್ತಲ್ಲ, ದಬ್ಬಣದಷ್ಟು ಚೂಪು. ಮೇಲೆ ನೀರಿನ ಭಾರ, ಕೆಳಗೆ ಎರೆ ಮಣ್ಣಿನ ಉಬ್ಬು. ನಾಲ್ಕು ಬೆರಳು ಮೊರಂ ಏನು ತಡೆದೀತು? ನಾನು ನಲವತ್ತರ ತನಕ ತೂತು ಎಣಿಸಿ ನಿಲ್ಲಿಸಿದೆ. ನೀರು ಆ ತೂತುಗಳಲ್ಲಿ ಇಳಿದು, ಒಡ್ಡಿನ ಅಡಿಯಿಂದ ಹಾಯ್ದು ಬಕ್ಕಪ್ಪನ ಗೋಡೆಯ ಬುಡ ಸೇರಿತ್ತು.

ನನ್ನ ತಪಶೀಲು, ನನ್ನ ಸಹಿ, ನನ್ನ ಕುಡುಗೋಲು. ಬೇಲಿಯೂ ನನ್ನದೇ. ಆ ಹೆಂಗಸರನ್ನು ಒಳಗೆ ಬಿಟ್ಟಿದ್ದರೆ ಎರಡು ದಿನದಲ್ಲಿ ಒಂದು ಕೂಳೆಯೂ ಉಳಿಯದಂತೆ ಬೇರುಸಹಿತ ಕಿತ್ತು ಒಯ್ಯುತ್ತಿದ್ದರು. ಸಖುಬಾಯಿ ಜಗಳವಾಡಿ ಕೇಳಿದ್ದು ಅದನ್ನೇ.

ಇದನ್ನೆಲ್ಲ ತಿಳಿದ ಮೇಲೆ ಖೋಲಿಗೆ ಬಂದು ಕೈ ತೊಳೆದುಕೊಂಡು ಕೂತು 'ಬೆಸುಗೆ' ಎಂದು ಬರೆದೆ. ಹೆದರಿಕೆಯಾಗಿತ್ತು. ನೌಕರಿಯದು, ಜೈಲಿನದು, ಓಣಿಯವರದು. ನೀವು ಇಪ್ಪತ್ತು ಮೈಲಿ ದೂರ ಇದ್ದಿರಿ, ನಾನು ಇಲ್ಲೇ ಇದ್ದೆ. ಅದಕ್ಕಿಂತ ದೊಡ್ಡ ಕಾರಣ ನನ್ನಲ್ಲಿ ಇರಲಿಲ್ಲ. ಆ ಮಾತು ಹೋಗಿ ಎಲ್ಲಿ ಬೀಳಬಹುದು ಎಂದು ಯೋಚಿಸಲಿಲ್ಲ ಎಂದು ಬರೆಯಲು ಹೊರಟೆ, ಅದೂ ಸುಳ್ಳು. ಯೋಚನೆ ಬಂದಿತ್ತು. ಬಂದ ಮೇಲೂ ಬರೆದೆ.

ಪಂಚರಿಗೆ ನಿಜ ಬರೆದುಕೊಡುತ್ತೇನೆ. ಸ್ವಲ್ಪ ಸಮಯ ಕೊಡಿ.

ಅಂಬಾದಾಸ


ಕಲ್ಯಾಣ,
9 ಸೆಪ್ಟೆಂಬರ್ 1949

ಓವರ್‌ಸಿಯರ್ ಸಾಹೇಬರಿಗೆ,

ಐದು ತಿಂಗಳಾಯಿತು. ಇನ್ನೂ ಎಷ್ಟು ಸಮಯ ಎಂದು ಅಬ್ಬಾ ಕೇಳಿ ಬರೆಯಲು ಹೇಳಿದ್ದಾರೆ. ಇಷ್ಟೇ ಬರೆದರೆ ಸಾಕು ಎಂದರು.

ಇದು ನನ್ನದು. ಅಬ್ಬಾ ಮುಂಜಾನೆ ಎದ್ದು ತ್ರಿಪುರಾಂತಕ ಕೆರೆಯ ಕಡೆ ಹೋಗಿ ಕೂತು ಬರುತ್ತಾರೆ. ಗಚ್ಚು ಮೆತ್ತುವ ಕರಣಿಯನ್ನು ತಿಕ್ಕಿ ತಿಕ್ಕಿ ಇಡುತ್ತಾರೆ. ಅದಕ್ಕೆ ಕೆಲಸವಿಲ್ಲ. ನಿಮ್ಮ ಏಪ್ರಿಲ್ ಪತ್ರವನ್ನು ನಾನು ಅವರಿಗೆ ಓದಿದಾಗ ಸಿಟ್ಟು ಬರುತ್ತದೆ ಎಂದುಕೊಂಡಿದ್ದೆ. ಬರಲಿಲ್ಲ. ಗೋಡೆಯ ಕಡೆ ತಿರುಗಿ ಮಲಗಿದರು. ಅದು ಯಾಕೆಂದು ನನಗೆ ತಿಳಿಯುತ್ತಿಲ್ಲ.

ಮಲಿಕಾ


ಹುಮನಾಬಾದ್,
18 ಜೂನ್ 1950

ಉಸ್ತಾದರಿಗೆ,

ಹೋದ ವಾರ ಕೊಟ್ಟೆ. ಇಷ್ಟು ದಿನ ಯಾಕೆ ಎಂದು ಕೇಳಬೇಡಿ. ನೌಕರಿ ಕಾಯಂ ಆಗುವ ತನಕ ಕಾದೆ, ನಿಜ ಅಷ್ಟೇ.

ಎರಡು ಪುಟ ಬರೆದುಕೊಂಡು ಹೋದೆ. ಕೂಳೆ, ಮೊರಂ, ಬೇಲಿ, ನಿಮ್ಮ ಬೆಸುಗೆ ಗಟ್ಟಿಯಾಗಿದ್ದದ್ದು, ಎಲ್ಲ ಇತ್ತು. ಪಂಚರಲ್ಲಿ ಇಬ್ಬರು ಊರು ಬಿಟ್ಟಿದ್ದಾರೆ, ಒಬ್ಬರು ತೀರಿಕೊಂಡಿದ್ದಾರೆ. ಉಳಿದವರಲ್ಲಿ ಹಿರಿಯರಾದ ಅರಿವೆ ಅಂಗಡಿಯವರು ನಿಂತುಕೊಂಡೇ ಓದಿದರು. "ಈಗ್ಯಾಕ್ರಿ ಇದು ಅಂಬಾದಾಸರಾವ್? ಹಳೆ ರಾಜ್ಯಾನೇ ಹೋತು. ಹೊಂಡಾನೂ ಒಣಗಿ ಹೋತು. ಸುಮ್ಮ ನೌಕರಿ ಮಾಡ್ರಿ" ಎಂದು ಕಾಗದವನ್ನು ಮಡಚಿ ಗಾದಿಯ ಕೆಳಗೆ ಇಟ್ಟರು. ಅದರ ಮೇಲೆಯೇ ಕೂತರು.

ಎರಡು ವರ್ಷ ನಾನು ಹೆದರಿದ್ದು ಇದಕ್ಕೆ. ಯಾರೂ ಬೈಯಲೂ ಇಲ್ಲ. ಹೊರಗೆ ಬಂದಾಗ ಎದೆ ಹಗುರಾಯಿತು. ಹಗುರಾಯಿತಲ್ಲ ಎಂದು ಆಮೇಲೆ ನಾಚಿಕೆಯಾಯಿತು.

ಅದೇ ಬರಹದ ನಕಲಿಗೆ ಸಹಿ ಹಾಕಿ ಇದರೊಂದಿಗೆ ಕಳಿಸಿದ್ದೇನೆ. ಯಾರಿಗೆ ಬೇಕಾದರೂ ತೋರಿಸಿ. ಸಂತೆಯಲ್ಲಿ ಓದಿಸಿ. ನಿಮ್ಮ ಹೆಸರು ನಿಮಗೆ ಮರಳಿ ಬರಲಿ. ನನಗೆ ಮಾಫಿ ಸಿಗದಿದ್ದರೂ ನಡೆಯುತ್ತದೆ.

ಅಂಬಾದಾಸ


ಕಲ್ಯಾಣ,
30 ಜುಲೈ 1950

ಅಂಬಾದಾಸನಿಗೆ,

ನಕಲು ಮುಟ್ಟಿತು. ಸಂತೆಯಲ್ಲಿ ಓದಿಸಲಿಲ್ಲ. ಪೆಟ್ಟಿಗೆಯಲ್ಲಿದೆ. ಯಾಕೆ ಓದಿಸಲಿಲ್ಲ ಎಂದು ಮಲಿಕಾ ದಿನಾ ಕೇಳುತ್ತಾಳೆ. ಇವತ್ತು ಅವಳಿಂದಲೇ ಬರೆಸುತ್ತೇನೆ. ಮಗಳ ಮುಂದೆ ಹೇಳಬಾರದೆಂದೇ ಇಷ್ಟು ದಿನ ಬಾಯಿ ಕಟ್ಟಿಕೊಂಡಿದ್ದೆ. ಬರೆಯಲು ಬರುವ ಬೇರೆ ಯಾರನ್ನಾದರೂ ಕರೆಯಬಹುದಿತ್ತು. ಹಾಗೆ ಮಾಡಿದರೆ ಅದೂ ಒಂದು ಮುಚ್ಚಿಡುವುದೇ.

ಅಂಬಾದಾಸ, ಕೂಳೆ ತಟ್ಟನ್ನು ಚುಚ್ಚುತ್ತದೆ ಎಂದು ನನಗೆ ಮೊದಲೇ ಗೊತ್ತಿತ್ತು. ಕೀಳಿಸದೆ ಕೊಯ್ಯಿಸಿದ್ದೇನೆಂದು ನೀನು ಬರೆದಿದ್ದರೂ ನನ್ನ ಷರತ್ತು ಮರೆತವನಂತೆ ಬಂದೆ.

ತಟ್ಟು ಹಾಸುವಾಗ ನಾವು ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಅದರ ಮೇಲೆ ನಡೆಯುತ್ತೇವೆ. ಕೆಳಗೆ ಹರಳಿದ್ದರೂ ಅಂಗಾಲು ಹೇಳುತ್ತದೆ. ನನ್ನ ತಂದೆ ಕಲಿಸಿದ ಪರೀಕ್ಷೆ ಅದು, ಗಚ್ಚಿಗೂ ಅದೇ, ತಟ್ಟಿಗೂ ಅದೇ. ಕೆಲಸದ ಮೂರನೆಯ ದಿನ ಕೆಳಗಿನ ಅರ್ಧದಲ್ಲಿ ನಡೆದೆ. ಹೆಜ್ಜೆ ಹೆಜ್ಜೆಗೂ ಚುಚ್ಚಿತು. ಪೀರ್ ಪಾಷಾನಿಗೂ ಚುಚ್ಚಿತು. ಅವನು "ಭಾಯಿಜಾನ್, ಇದನ್ನ ಎತ್ತಿ ಕೂಳಿ ಕೀಳಸ್ಬೇಕು. ರಾವ್ ಸಾಹೇಬರಿಗಿ ಹೇಳೋಣು" ಅಂದ. ನೀನು ಆಗ ಹತ್ತು ಮಾರು ದೂರದಲ್ಲಿ ಟೊಪ್ಪಿಗೆ ಹಾಕಿಕೊಂಡು, ಪಂಚರಿಗೆ ಕೈ ಮಾಡಿ ಏನೋ ತೋರಿಸುತ್ತಿದ್ದೆ. ವಿಮಾನ ಇಳಿಯುವ ತಟ್ಟು ಎಂದು ಹೇಳುತ್ತಿದ್ದೆ. ನಾನು ತಮ್ಮನಿಗೆ "ಸುಮ್ಮಿರು" ಎಂದೆ.

ನಾನು ಹೇಳಿದ್ದರೆ ನೀನು ಕೇಳುತ್ತಿದ್ದೆ. ಬಾಯಿ ಮಾಡುತ್ತಿದ್ದೆ, ಆದರೆ ಕೇಳುತ್ತಿದ್ದೆ. ಅದು ನನಗೆ ಗೊತ್ತು. ಆದರೆ ನನಗೆ ಆ ತಟ್ಟು ಸೋಲಬೇಕಾಗಿತ್ತು. ಒಂದು ಮಳೆಗಾಲ ಸೋರಲಿ, ನಾಲ್ಕು ಜನ ನಗಲಿ, ಆಮೇಲೆ ಉಸ್ತಾದರೇ ಗಚ್ಚು ಹಾಕ್ರಿ ಎಂದು ನನ್ನ ಬಾಗಿಲಿಗೆ ಬರಲಿ ಎಂದುಕೊಂಡೆ. ನನ್ನ ಬೆಸುಗೆ ಗಟ್ಟಿಯಾಗಿ ಹಾಕಿದೆ, ಯಾಕೆಂದರೆ ಸೋರಿದಾಗ ತಪ್ಪು ನನ್ನ ಕಡೆ ಬರಬಾರದಲ್ಲ.

ಜುಲೈಯಲ್ಲಿ ನಿನ್ನ ಪತ್ರ ಬಂತು. ಮಗ್ಗದ ಕುಣಿಯಲ್ಲಿ ತಂಪು ಎಂದಿತ್ತು. ಮಲಿಕಾ ಓದಿದಳು. ನಾನು ನಕ್ಕೆ. ಅವಳಿಗೆ ನೆನಪಿದೆ, ಈಗ ಬರೆಯುವುದನ್ನು ನಿಲ್ಲಿಸಿ ನನ್ನ ಮುಖ ನೋಡುತ್ತಿದ್ದಾಳೆ. ಬರಿ ಮಗಳೇ. ಶುರುವಾಯಿತು ಎಂದುಕೊಂಡು ನಕ್ಕೆ. ಆವತ್ತೇ ಒಂದು ಕಾರ್ಡು ಬರೆಸಿದ್ದರೆ, ಹೊಂಡ ಒಡೆದು ನೀರು ಬಿಟ್ಟುಬಿಡು, ಓಣಿ ಖಾಲಿ ಮಾಡಿಸು ಎಂದಿದ್ದರೆ ಆ ಮನುಷ್ಯ ಇವತ್ತು ಮಗ್ಗದಲ್ಲಿರುತ್ತಿದ್ದ. ಬರೆಸಲಿಲ್ಲ. ಇನ್ನೂ ಸ್ವಲ್ಪ ಸೋರಲಿ ಎಂದು ಕಾದೆ.

ನಿನ್ನ ಬರಹ ಸುಳ್ಳು. ಆದರೆ ನನ್ನ ಹೆಸರು ಆ ಕಾಗದದ ಮೇಲೆ ಬಂದದ್ದು ಅಷ್ಟೇನೂ ಸುಳ್ಳಲ್ಲ. ಅದಕ್ಕೇ ಸಿಟ್ಟು ಬರಲಿಲ್ಲ. ನಿನ್ನ ನಕಲನ್ನು ಸಂತೆಯಲ್ಲಿ ಓದಿಸಿ ನಾನು ಒಳ್ಳೆಯವನೆಂದು ಮೆರೆಯಲೇ? ತಮ್ಮ ಇದ್ದಿದ್ದರೆ ನನ್ನ ಮುಖಕ್ಕೇ ಉಗುಳುತ್ತಿದ್ದ.

ಮಾಫಿಯ ಮಾತು ಬರೆದಿದ್ದೀ. ನನ್ನಿಂದ ಬೇಕಾದರೆ ತೆಗೆದುಕೋ, ನನ್ನ ಹತ್ತಿರ ಅದರ ಬೆಲೆ ಕಡಿಮೆ. ನಾವಿಬ್ಬರೂ ಎರಡು ವರ್ಷದಿಂದ ಒಬ್ಬರಿಗೊಬ್ಬರು ಬರೆದುಕೊಳ್ಳುತ್ತಿದ್ದೇವೆ, ನೀನು ಪಂಚರಿಗೆ ಬರೆಯುತ್ತೀ, ನಾನು ಹೆಸರಿಗೆ ಅಳುತ್ತೇನೆ. ಆ ಹೆಣ್ಣುಮಗಳಿಗೆ ಯಾರಾದರೂ ಹೇಳಿದ್ದಾರೆಯೇ? ಗಂಡ ಯಾಕೆ ಸತ್ತ ಎಂದು ಸಖುಬಾಯಿಗೆ ಗೊತ್ತಿದೆಯೇ?

ಹೋಗು. ನನ್ನ ಪಾಲಿನದನ್ನೂ ಬಿಡದೆ ಹೇಳು.

ಖಮರುದ್ದೀನ್


ಹುಮನಾಬಾದ್,
4 ಅಕ್ಟೋಬರ್ 1950

ಉಸ್ತಾದರಿಗೆ ಸಲಾಮು.

ನಿಮ್ಮ ಪತ್ರ ಬಂದ ಮೇಲೆ ಆ ಓಣಿಯ ಬಾಯಿಗೆ ಮೂರು ಸಲ ಹೋಗಿ ಹಿಂದಿರುಗಿದೆ. ನಿನ್ನೆ ಬೆಳಿಗ್ಗೆ ಒಳಗೆ ಹೋದೆ.

ಸಖುಬಾಯಿ ಉಳಿದ ಅರ್ಧ ಮನೆಯಲ್ಲಿಯೇ ಇದ್ದಾಳೆ. ಬಿದ್ದ ಗೋಡೆಯ ಜಾಗಕ್ಕೆ ತೊಗರಿ ಕಟ್ಟಿಗೆಯ ತಡಿಕೆ ಕಟ್ಟಿಕೊಂಡಿದ್ದಾಳೆ. ಬೇರೆಯವರ ಮಗ್ಗಕ್ಕೆ ನೂಲು ಸುತ್ತಿ ಕೊಡುತ್ತಾಳೆ. ನನ್ನನ್ನು ನೋಡಿದವಳೇ ಎದ್ದು ನಿಂತು ಸೆರಗು ಹೊದ್ದುಕೊಂಡಳು. ಬೇಲಿಯ ಹತ್ತಿರ ಜಗಳಕ್ಕೆ ನಿಂತ ಹೆಂಗಸು ಇವಳೇ ಎಂದು ನಂಬುವುದು ಕಷ್ಟ. ತಲೆ ಎತ್ತಿ ಮಾತಾಡುವುದಿಲ್ಲ. ಅವಳ ನೆಗೆಣ್ಣಿ, ಗಂಡನ ತಮ್ಮನ ಹೆಂಡತಿ, ಅಲ್ಲಿಯೇ ಇದ್ದಳು.

ನಾನು ನಿಂತುಕೊಂಡೇ ಹೇಳಿದೆ. ಕೂಳೆಯದು, ಬೇಲಿಯದು, ಬೆಸುಗೆ ಎಂದು ಸುಳ್ಳು ಬರೆದದ್ದು. ನಿಮ್ಮ ಅಂಗಾಲಿನದು, ಜುಲೈಯ ಪತ್ರದ್ದು. ಕೈಯಲ್ಲಿದ್ದ ನೂಲನ್ನು ಅವಳು ಕೆಳಗಿಟ್ಟಳು. ಬೈಯುತ್ತಾಳೆ, ಹೊಡೆಯಲು ಬರುತ್ತಾಳೆ ಎಂದುಕೊಂಡಿದ್ದೆ. ಬಂದಿದ್ದರೆ ಒಳ್ಳೆಯದಿತ್ತು.

ಎಲ್ಲ ಮುಗಿದ ಮೇಲೆ ಕೇಳಿದಳು. "ಹಂಗಾರ ನಾ ಅಲ್ಲೇನ್ರಿ?"

ನನಗೆ ಅರ್ಥವಾಗಲಿಲ್ಲ. ಮತ್ತೆ ಕೇಳಿದಳು. "ನಾ ತೋಡಿದ ಗುಣಿಯಿಂದ ಬೀಳಲಿಲ್ಲೇನ್ರಿ ಗ್ವಾಡಿ?"

ಆಮೇಲೆ ಒಂದೊಂದಾಗಿ ಹೊರಗೆ ಬಂತು. ಆ ಮಳೆಗಾಲದಲ್ಲಿ ಹಿತ್ತಲ ಗೋಡೆಯ ಬುಡದಲ್ಲಿ ನೀರು ಜಿನುಗಲು ಶುರುವಾಗಿತ್ತಂತೆ. ತಿಳಿಯಾದ ನೀರು. ಒಡ್ಡು ಹತ್ತಿ ಇಳಿಯುವುದು ತಪ್ಪಿತಲ್ಲ ಎಂದು ಅವಳು ಗುದ್ದಲಿಯಿಂದ ಅಲ್ಲಿ ಮೊಣಕಾಲುದ್ದದ ಗುಣಿ ತೋಡಿಕೊಂಡು ದಿನಾ ಎರಡು ಕೊಡ ತುಂಬುತ್ತಿದ್ದಳು. ಬಕ್ಕಪ್ಪ ಬೇಡವೆಂದಿದ್ದ. ಗೋಡೆ ಬಿದ್ದ ದಿನ ಜನ ಕೂಡುವ ಮೊದಲು ಅವಳು ಮಾಡಿದ ಕೆಲಸವೆಂದರೆ ಆ ಗುಣಿಗೆ ಮಣ್ಣು ತುಂಬಿದ್ದು. ಗಂಡ ಅಡಿಯಲ್ಲಿದ್ದಾನೆ, ಇವಳು ಗುಣಿ ಮುಚ್ಚುತ್ತಿದ್ದಾಳೆ. ಊರವರೆಲ್ಲ ಮೇಸ್ತ್ರಿಯ ಬೆಸುಗೆ ಎಂದಾಗ ಇವಳು ಮಾತ್ರ ನಂಬಲಿಲ್ಲ. ಇನ್ನೊಬ್ಬನ ಮೇಲೆ ತನ್ನ ತಪ್ಪು ಹೋಯಿತೆಂದು ಎರಡು ವರ್ಷ ಬಾಯಿ ಮುಚ್ಚಿಕೊಂಡು ಕೂತಿದ್ದಾಳೆ. ಯಾರಾದರೂ ನಿಮ್ಮ ಹೆಸರು ಎತ್ತಿದರೆ ಎದ್ದು ಒಳಗೆ ಹೋಗುತ್ತಿದ್ದಳಂತೆ.

ನಾನು ಮತ್ತೆ ಮತ್ತೆ ಹೇಳಿದೆ. ಗುಣಿ ತೋಡುವ ಮೊದಲೇ ಗೋಡೆಯ ಬುಡ ನೆನೆದಿತ್ತು, ನೀರು ಬಂದ ಮೇಲಲ್ಲವೇ ನೀನು ತೋಡಿದ್ದು, ನಿನ್ನದೇನೂ ತಪ್ಪಿಲ್ಲ ತಾಯಿ ಎಂದೆ. ಅವಳು ತಲೆ ಅಲ್ಲಾಡಿಸುತ್ತ ಕೇಳುತ್ತಿದ್ದಳು. ಎಷ್ಟು ನಂಬಿದಳೋ ತಿಳಿಯದು.

ನೆಗೆಣ್ಣಿ ಅಳುತ್ತ ನನಗೆ ಹೇಳಿದಳು. ಬಕ್ಕಪ್ಪ ಸತ್ತ ಮೇಲೆ ಅವನ ಹೆಸರಿನಲ್ಲಿ ಎಡೆಯಿಡುವ ಅಡಿಗೆಗೆ ಸಖುಬಾಯಿ ಒಂದು ದಿನವೂ ಕೈ ಹಚ್ಚಿಲ್ಲವಂತೆ. ಹಿರಿಯರ ಅಮಾವಾಸ್ಯೆ ಬಂದರೆ ಹೊರಗೆ ಹೋಗಿ ಕಟ್ಟೆಯ ಮೇಲೆ ಕೂತಿರುತ್ತಾಳಂತೆ. "ಕೊಂದ ಕೈ ಎಡಿ ಇಡಬಾರ್ದು, ನೀನೇ ಇಡು" ಎನ್ನುತ್ತಿದ್ದಳಂತೆ. ಕೊಂದ ಕೈ ಎಂದರೇನು ಎಂದು ಮನೆಯವರಿಗೆ ಯಾರಿಗೂ ಅರ್ಥವಾಗಿರಲಿಲ್ಲ, ದುಃಖದಲ್ಲಿ ಏನೋ ಆಡುತ್ತಾಳೆ ಎಂದು ಬಿಟ್ಟಿದ್ದರು.

ಉಸ್ತಾದ್, ಆ ಕೈ ಯಾವುದು ಎಂದು ನನಗೂ ನಿಮಗೂ ಗೊತ್ತಿತ್ತು. ನಾನು ನೌಕರಿ ಕಾಯಂ ಆಗಲೆಂದು ಕಾದೆ, ನೀವು ಮಗಳ ಮುಂದೆ ಹೇಳಲಾರದೆ ಕಾದಿರಿ.

ಹೊರಡುವಾಗ ಅವಳು ಮೊದಲ ಸಲ ನನ್ನ ಮುಖ ನೋಡಿದಳು. "ನಿಮಗ ಯಾವಾಗ ಗೊತ್ತಾತ್ರಿ ಇದು?" ಎಂದಳು. ಗೋಡೆ ಬಿದ್ದ ಮೂರನೆಯ ದಿನ ಎಂದೆ. ಅವಳು ಬೆರಳು ಮಡಚಿ ಏನೋ ಎಣಿಸಿದಳು.

"ನನ್ನ ಕೈಲೆ ಹೋಗಬೇಕಾಗಿತ್ತು ಅವಂಗ ಎರಡು ವರ್ಷದ ಎಡಿ" ಎಂದಳು. "ಅದನ್ನ ಯಾರು ಕೊಡ್ತೀರಿ? ನೀವೋ, ಆ ಮೇಸ್ತ್ರಿಯೋ?"

ನಿಮ್ಮನ್ನು ಕೇಳಿ ಹೇಳುತ್ತೇನೆ ಎಂದು ಬಂದಿದ್ದೇನೆ. ಪತ್ರದಲ್ಲಿ ಬರೆಯಬೇಡಿ, ನೀವೇ ಬನ್ನಿ.

ಅಂಬಾದಾಸ